ಹನ್ನೆರಡು ಗೆಣ್ಣಿನ ಹೊತ್ತು

ಬನಹಟ್ಟಿಯ ಓಣಿಗೆ ಕಾಲಿಟ್ಟರೆ ಮೊದಲು ಎದುರಾಗುವುದು ಗಂಜಿಯ ವಾಸನೆ. ನೂಲಿಗೆ ಹಚ್ಚುವ ಗಂಜಿ. ಹೊಸಬರು ಅದನ್ನು ಹಳಸಿದ ಅನ್ನದ ವಾಸನೆ ಎಂದುಕೊಂಡು ಮೂಗು ಮುಚ್ಚುತ್ತಾರೆ. ಹೋದ ವಾರ ತಂಗಿಯ ಮಗಳ ಮದುವೆಗೆ ಸೀರೆ ಆರಿಸಲು ಮುಧೋಳದಿಂದ ಬಸ್ಸು ಹತ್ತಿ ಹೋದಾಗ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ಭುಜದಿಂದ ಕೆಳಗೆ ಜುಮುಗುಟ್ಟತೊಡಗಿತು. ನಗಬೇಡಿ. ಒಂಬತ್ತು ವರ್ಷ ಆ ಕೈಯನ್ನು ಒಂದು ಬಟ್ಟೆಯ ನಾಯಿಯೊಳಗೆ ತೂರಿಸಿ ಎತ್ತಿ ಹಿಡಿದವಳು ನಾನು. ಕೈಗೂ ನೆನಪು ಇರುತ್ತದೆ.

ನಮ್ಮ ಕೇಬಲ್ ಚಾನೆಲ್ಲಿನಲ್ಲಿ ಸಂಜೆ ಐದೂವರೆಗೆ ಸಣ್ಣ ಮಕ್ಕಳಿಗಾಗಿ ಒಂದು ಕಾರ್ಯಕ್ರಮ ಬರುತ್ತಿತ್ತು. ಹೆಸರು ‘ಚಾಪಿ ಹಾಸ್ರಿ’. ರಬಕವಿ, ಬನಹಟ್ಟಿ, ಚಿಮ್ಮಡ, ಜಮಖಂಡಿ, ಆಮೇಲೆ ಮುಧೋಳ, ಬೀಳಗಿಯ ಕಡೆಗೂ ತಂತಿ ಎಳೆದಲ್ಲೆಲ್ಲ ಅದು ಹದಿನೇಳು ವರ್ಷ ನಡೆಯಿತು. ಗೌರಕ್ಕ ಎಂಬ ನಿವೃತ್ತ ಶಿಕ್ಷಕಿ, ನಮಗೆಲ್ಲ ಅಕ್ಕೋರು, ತೆರೆಯ ಮೇಲೆ ಬಂದು, ಒಂದು ಚಾಪೆ ಬಿಚ್ಚಿ ಹಾಸಿ, “ಬರ್ರಿ, ನೀವೂ ಚಾಪಿ ಹಾಸ್ರಿ, ಕುಂದರ್ರಿ” ಅನ್ನುವರು. ಮನೆಮನೆಯಲ್ಲಿ ಮೂರು, ನಾಲ್ಕು, ಐದು ವರ್ಷದ ಮಕ್ಕಳು ತಮ್ಮ ತಮ್ಮ ಚಾಪೆ ಎಳೆದು ಟೀವಿಯ ಮುಂದೆ ಹಾಸುವರು. ಚಾಪೆ ಇಲ್ಲದವು ಗೋಣಿಚೀಲ ಹಾಸುತ್ತಿದ್ದವು. ಕಾರ್ಯಕ್ರಮ ಮುಗಿದಾಗ ಅಕ್ಕೋರು ಚಾಪೆ ಸುತ್ತಿಡುವರು, ಮಕ್ಕಳೂ ಸುತ್ತಿಡುವರು. ಅವ್ವಂದಿರು ಹತ್ತು ಸಲ ಹೇಳಿದರೂ ತಟ್ಟೆ ಎತ್ತದ ಮಕ್ಕಳು ಟೀವಿಯ ಅಕ್ಕೋರ ಮಾತಿಗೆ ಚಾಪೆ ಎತ್ತುತ್ತಿದ್ದವು.

ನನ್ನ ನಾಯಿಯ ಹೆಸರು ನಿಧಾನಪ್ಪ. ಮುಧೋಳದ ನಾಯಿ ಎಂದರೆ ಮೊಲದ ಬೆನ್ನು ಹತ್ತಿ ಗಾಳಿಯಂತೆ ಓಡುವ ಜಾತಿ. ನಿಧಾನಪ್ಪನೂ ಅದೇ ಜಾತಿ, ಉದ್ದ ಮೂತಿ, ಸಣ್ಣ ನಡು, ಆದರೆ ಒಂದು ದಿನವೂ ಓಡಿದವನಲ್ಲ. ಸೀರೆಯ ತುಂಡುಗಳಿಂದ ಅವನನ್ನು ಹೊಲಿದದ್ದು ಅಕ್ಕೋರೇ. ಚಿಮ್ಮಡದ ಹುಡುಗಿಯಾದ ನಾನು ಬನಹಟ್ಟಿಯ ಒಂದು ಖಾಸಗಿ ಬಾಲವಾಡಿಯಲ್ಲಿ ಪಾಠ ಮಾಡುತ್ತ, ಚಿತ್ರೀಕರಣದ ದಿನ ಅಕ್ಕೋರ ಬಾಜೂಕ್ಕೆ ಮೇಜಿನಡಿ ಕೂತು ಅವನನ್ನು ಆಡಿಸುತ್ತಿದ್ದೆ. ಮಗ್ಗಗಳಿಗೆ ರಜೆ ಇದ್ದ ದಿನವೇ ನಮ್ಮ ಚಿತ್ರೀಕರಣ. ಉಳಿದ ದಿನ ಆ ಊರಿನಲ್ಲಿ ಖಟಪಟ ಸದ್ದಿನ ನಡುವೆ ನಿಮ್ಮ ಮಾತು ನಿಮಗೇ ಕೇಳಿಸುವುದಿಲ್ಲ. ಆದರೂ ಕೇಬಲ್ ಆಫೀಸಿನ ಮೇಲಿನ ನಮ್ಮ ಕೋಣೆಯ ಗೋಡೆಗೆ ಸದ್ದು ಒಳಬರದಂತೆ ಹಳೆಯ ಕೌದಿಗಳನ್ನು ತೂಗುಬಿಟ್ಟಿದ್ದೆವು.

ಈ ಕಾರ್ಯಕ್ರಮದ ಜೀವ ಒಂದು ಪದ್ಧತಿಯಲ್ಲಿತ್ತು. ಅಕ್ಕೋರು ಒಂದು ಪ್ರಶ್ನೆ ಕೇಳುವರು. “ಇವತ್ತ ನಿಮ್ಮ ಮನ್ಯಾಗ ಎಲ್ಲಾರಕಿಂತ ಮೊದಲ ಎದ್ದವ್ರು ಯಾರು?” ಎಂಬಂಥದ್ದು. ಸರಿ ಉತ್ತರ, ತಪ್ಪು ಉತ್ತರ ಇಲ್ಲದ ಪ್ರಶ್ನೆ. ಕೇಳಿ ಸುಮ್ಮನಾಗುವರು. ಸೆರಗಿನ ಮರೆಯಲ್ಲಿ ಹೆಬ್ಬೆರಳನ್ನು ನಾಲ್ಕು ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಸುತ್ತ ಹನ್ನೆರಡು ಗೆಣ್ಣು ಎಣಿಸುವರು. ಅಲ್ಲಿಯ ತನಕ ಅವರ ಮುಖ, ಎದುರಿಗೆ ಯಾರೋ ಮಾತಾಡುತ್ತಿದ್ದಾರೆ ಅನ್ನುವ ಹಾಗೆ ಇರುತ್ತಿತ್ತು. ನಿಧಾನಪ್ಪನೂ ಕಿವಿ ನಿಮಿರಿಸಿ ಕಾಯಬೇಕು. ಹನ್ನೆರಡು ಮುಗಿದ ಮೇಲೆ, “ಹೌದಾ? ಛಲೋ ಆತು.” ಮನೆಯಲ್ಲಿ ಕೂತ ಮಗು ಅಷ್ಟರಲ್ಲಿ ಉತ್ತರ ಹೇಳಿರುತ್ತಿತ್ತು. ಅಕ್ಕೋರು ತನ್ನ ಮಾತನ್ನೇ ಕೇಳಿಸಿಕೊಂಡರು ಎಂದು ಆ ಮಗುವಿಗೆ ಅನುಮಾನವೇ ಇರುತ್ತಿರಲಿಲ್ಲ.

ಚಾನೆಲ್ಲಿನ ಮಾಲೀಕ ಬಸಣ್ಣ ಒಂದನೆಯ ಇಯತ್ತೆಯಲ್ಲಿ ಗೌರಕ್ಕನ ಕೈಯಲ್ಲಿ ಕಲಿತವನು. ಅವನಿದ್ದಷ್ಟು ದಿನ ಆ ಕಾಯುವ ಹೊತ್ತಿಗೆ ಯಾರೂ ಕೈ ಹಚ್ಚಲಿಲ್ಲ. ಎಂಟು ವರ್ಷದ ಹಿಂದಿನ ಆ ಮಳೆಗಾಲ, ಮೃಗಶಿರಾ ಮಳೆ ಬಂದು ಹೊಲದ ಮಣ್ಣು ಮೆತ್ತಗಾಗುವ ಹೊತ್ತಿಗೆ, ಬಸಣ್ಣ ಕೇಬಲ್ಲನ್ನು ಮುಧೋಳದ ಕಡೆಯವರಿಗೆ ಮಾರಿದ. ಅವರ ಮ್ಯಾನೇಜರಾಗಿ ಶ್ರೀಶೈಲ ಎಂಬವನು ಬಂದ. ಕೆಟ್ಟವನೆಂದು ಹೇಳಿದರೆ ನನ್ನ ಬಾಯಿಗೆ ಹುಳ ಬಿದ್ದೀತು. ಬಂದ ದಿನ ಅಕ್ಕೋರ ಕಾಲು ಮುಟ್ಟಿ ನಮಸ್ಕಾರ ಮಾಡಿದ, ನಮಗೆಲ್ಲ ಚಹಾ ತರಿಸಿದ. ಕಬ್ಬಿನ ಮನೆತನದ ಹುಡುಗ, ಮಾತು ಬೆಲ್ಲ. ಆದರೆ ಅವನಿಗೆ ಎಲ್ಲವೂ ಬೇಗ ಬೇಗ ಆಗಬೇಕು.

ಒಂದು ದಿನ ಅಕ್ಕೋರು ಇಲ್ಲದಾಗ ನನ್ನನ್ನು ಕೆಳಗಿನ ಆಫೀಸಿಗೆ ಕರೆದು ಕೇಳಿದ:

“ಮೇಡಮ್, ನಿಮ್ಮ ಪ್ರೋಗ್ರಾಮಿನ್ಯಾಗ ನಡುನಡುವ ಖಾಲಿ ಭಾಳ ಐತ್ರಿ. ಮಂದಿ ಟೀವಿ ಕೆಟ್ಟೈತಿ ಅಂತ ತಿಳ್ಕೋತಾರ. ಈಗಿನ ಹುಡುಗ್ರು ಮೊಬೈಲ್ ನೋಡೂವು, ಅಷ್ಟೊತ್ತು ಕುಂದ್ರತಾವೇನ್ರಿ? ಆ ಖಾಲಿ ತಗದ್ರ ಏನರ ಆಗ್ತೈತಿ?”

ಆ ದಿನ ನನ್ನ ಕೈ ಹೆಪ್ಪುಗಟ್ಟಿದಂತೆ ನೋಯುತ್ತಿತ್ತು. ಪ್ರಶ್ನೆಗೊಮ್ಮೆ ಕೈ ಎತ್ತಿ, ಅಲುಗಾಡದೆ, ಹನ್ನೆರಡು ಗೆಣ್ಣು. ಮೇಜಿನಡಿ ಕೂತವರ ಕಷ್ಟ ಮೇಜಿನಡಿ ಕೂತವರಿಗೇ ಗೊತ್ತು.

“ಏನ್ ಆಗ್ತೈತ್ರಿ? ಏನೂ ಆಗೂದಿಲ್ಲ” ಅಂದೆ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆ ದಿನ ಆತುರ ಅವನದು, ಬುದ್ಧಿ ಮಟ್ಟವಾದದ್ದು ನನ್ನದು. ಚಿತ್ರೀಕರಣ ಮೊದಲಿನಂತೆಯೇ ನಡೆಯಿತು. ಕತ್ತರಿಸುವ ಕೆಲಸ ಮುಧೋಳದಲ್ಲಿ ಆಗುತ್ತಿತ್ತು. ಅಕ್ಕೋರು ತಮ್ಮ ಕಾರ್ಯಕ್ರಮವನ್ನು ಎಂದೂ ನೋಡುತ್ತಿರಲಿಲ್ಲ. “ನನ್ನ ಮಾರಿ ನಾ ಯಾಕ ನೋಡ್ಲಿ, ಕನ್ನಡಿ ಇಲ್ಲೇನು” ಅನ್ನುವರು. ಹೀಗಾಗಿ ಒಂದು ತಿಂಗಳು ಅವರಿಗೆ ಏನೂ ತಿಳಿಯಲಿಲ್ಲ. ನಾನೂ ಸಂಜೆ ಚಿಮ್ಮಡದ ಆಟೋದಲ್ಲಿ ಇರುತ್ತಿದ್ದೆ, ನೋಡಲಿಲ್ಲ.

ಶ್ರಾವಣ ಬಂತು. ಪಂಚಮಿಗೆ ಉಂಡಿ ತಿನ್ನಲು ಬಾ ಎಂದು ಬನಹಟ್ಟಿಯ ನನ್ನ ಗೆಳತಿ ಕಸ್ತೂರಿ ಕರೆದಳು. ಅವಳ ಮನೆಯಲ್ಲೇ ಎರಡು ಮಗ್ಗ. ಗಂಡ, ಹೆಂಡತಿ ಇಬ್ಬರೂ ನೇಯುವರು. ಸಂಜೆ ಐದೂವರೆಗೆ ಅರ್ಧ ಗಂಟೆ ಆ ಮಗ್ಗಗಳು ನಿಲ್ಲುತ್ತಿದ್ದವು, ಏಕೆಂದರೆ ಅವಳ ಮಗಳು ಪಲ್ಲವಿ ಟೀವಿ ಕೇಳಬೇಕು. ಪಲ್ಲವಿಗೆ ಆಗ ನಾಲ್ಕೂವರೆ ವರ್ಷ. ಮಾತು ಬಹಳ ತಡ. ಕಿವಿ ಸರಿ, ಬುದ್ಧಿ ಚುರುಕು, ಡಾಕ್ಟರೂ ಕಾಯಿರಿ ಅಂದಿದ್ದರು. ಆದರೆ ಯಾರಾದರೂ ಏನಾದರೂ ಕೇಳಿದರೆ ಅವಳ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೋ, ಚಿಕ್ಕಮ್ಮನೋ, ಓಣಿಯ ಹೆಂಗಸೋ ಉತ್ತರ ಹೇಳಿಬಿಡುವರು. ಮಗು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಕಸ್ತೂರಿ ಹೇಳುತ್ತಿದ್ದಳು, ಅವಳು ಹೊರಗಿನವರೊಡನೆ ಆಡುವ ಮಾತು ಅಂದರೆ ಅಕ್ಕೋರಿಗೆ ಕೊಡುವ ಉತ್ತರ ಒಂದೇ, ಅದೂ ಎಂಟನೆಯದೋ ಒಂಬತ್ತನೆಯದೋ ಗೆಣ್ಣಿಗೆ ಹೊರಗೆ ಬರುತ್ತದೆ ಎಂದು. ನನ್ನಿಂದ ಕೇಳಿ ತಿಳಿದು ಕಸ್ತೂರಿಯೂ ಗೆಣ್ಣು ಎಣಿಸುವುದನ್ನು ಕಲಿತುಬಿಟ್ಟಿದ್ದಳು.

ಆ ದಿನ ಮಗ್ಗ ನಿಂತವು. ಪಲ್ಲವಿ ಚಾಪೆ ಹಾಸಿದಳು. ನಾನು ಅವಳ ಹಿಂದೆ ಉಂಡಿ ಹಿಡಿದು ಕೂತೆ. ತೆರೆಯ ಮೇಲೆ ಅಕ್ಕೋರು ಕೇಳಿದರು: “ನಿಮಗ ಯಾರ ಕೈ ಹಿಡದ ನಡ್ಯಾಕ ಛಲೋ ಅನಸ್ತೈತಿ?” ಪಲ್ಲವಿಯ ಕುತ್ತಿಗೆ ಮುಂದಕ್ಕೆ ಬಂತು, ತುಟಿ ಕೂಡಿ ಬಿಚ್ಚಿತು. ಅಷ್ಟರಲ್ಲಿ “ಹೌದಾ? ಛಲೋ ಆತು.” ಎರಡನೆಯ ಪ್ರಶ್ನೆ. ಮತ್ತೆ ತುಟಿ ಬಿಚ್ಚಿತು. “ಹೌದಾ? ಛಲೋ ಆತು.” ಮೂರನೆಯದಕ್ಕೆ ಅವಳು ತುಟಿ ಬಿಚ್ಚಲಿಲ್ಲ. ಎದ್ದು, ಕಾರ್ಯಕ್ರಮ ಇನ್ನೂ ಅರ್ಧವಿರುವಾಗಲೇ, ಚಾಪೆ ಸುತ್ತಿ ಗೋಡೆಗೆ ಒರಗಿಸಿದಳು.

“ತಿಂಗಳಾತು ಹಿಂಗ ಮಾಡಾಕತ್ತಾಳ” ಅಂದಳು ಕಸ್ತೂರಿ. “ಅಕ್ಕೋರಿಗೆ ನಮ್ಮ ಮ್ಯಾಲ ಸಿಟ್ಟ್ ಬಂದೈತೇನ್ರಿ?”

ಉಂಡಿಯನ್ನು ತಟ್ಟೆಗೆ ಹಾಕಿದೆ. ನಾಚಿಕೆಯಾಯಿತು ಎಂದು ಬರೆಯುವುದು ಸುಲಭ. ಆ ದಿನ ನನಗೆ ನನ್ನ ಕೈಯನ್ನೇ ಕಡಿದು ಹಾಕಬೇಕು ಅನ್ನಿಸಿತ್ತು. ಓಡಿ ಹೋಗಿ ಅಕ್ಕೋರಿಗೆ ಕಂಡದ್ದೆಲ್ಲ ಹೇಳಿದೆ. ಎಲ್ಲ ಅಂದರೆ ಎಲ್ಲ ಅಲ್ಲ. “ನಿನ್ನ ಏನರ ಕೇಳಿದ್ನೇನು ಅವ?” ಎಂದು ಅವರು ಕೇಳಿದಾಗ, “ನನ್ನ ಯಾರ್ ಕೇಳ್ತಾರ್ರಿ” ಅಂದೆ.

ಅಕ್ಕೋರು ಫೋನು ಹಚ್ಚಿದರು. ಶ್ರೀಶೈಲ ಬಹಳ ಮರ್ಯಾದೆಯಿಂದಲೇ ಮಾತಾಡಿದ. ನೀವು ಎಷ್ಟು ಬೇಕಾದರೂ ಸುಮ್ಮನಿರಿ ಅಕ್ಕೋರ, ಖಾಲಿಯನ್ನು ನಾವು ತೆಗೆಯುತ್ತೇವೆ ಅಂದ.

“ಖಾಲಿ ಅಲ್ಲಪ್ಪ ಅದು” ಅಂದರು ಅಕ್ಕೋರು. “ಅಲ್ಲೆ ಹುಡುಗ್ರು ಮಾತಾಡಾಕತ್ತಿರ್ತಾವ. ನಿನಗ ಕೇಳಸೂದಿಲ್ಲ, ಅಷ್ಟ.”

ಅವನು ನಕ್ಕು ಫೋನಿಟ್ಟ. ನಾನು ಕಾರ್ಯಕ್ರಮ ನಿಲ್ಲಿಸಿಬಿಡೋಣ ಅಂದೆ. ಗೌರಕ್ಕ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ಅವರು ಹುಟ್ಟಿದ್ದು ಘಟಪ್ರಭೆಯ ದಂಡೆಯ ಅನಗವಾಡಿಯಲ್ಲಿ. ಹೊಳೆ ಏರಿದಾಗ ಸಾಮಾನು ಹೊತ್ತು ಮೇಲೆ ಹೋಗುವುದು, ಇಳಿದಾಗ ಕೆಸರು ಬಳಿದು ಮತ್ತೆ ಮನೆ ಹೂಡುವುದು, ಇದನ್ನು ಕಂಡು ಬೆಳೆದವರು. ನಿಲ್ಲಿಸುವುದು ಅವರ ನಾಲಿಗೆಗೆ ಬರುವ ಮಾತಲ್ಲ. ಮರುದಿನ ಕಸ್ತೂರಿಯ ಮನೆಗೆ ಹೋಗಿ ಅವಳ ಅತ್ತೆಯ ಹಳೆಯ ರಾಟಿಯ ಮುಂದೆ ಕೂತರು. ಕಂಡಿಕಿ ಸುತ್ತುವುದನ್ನು ಕಲಿಸು ಅಂದರು.

ಕಂಡಿಕಿ ಅಂದರೆ ಲಾಳಿಯೊಳಗೆ ಕೂಡಿಸುವ ಸಣ್ಣ ಕೊಳವೆ. ಅದಕ್ಕೆ ನೂಲು ಸುತ್ತಿ ತುಂಬಿಸಬೇಕು. ಈಗ ಮಷೀನಿನಲ್ಲಿ ತುಂಬುತ್ತಾರೆ, ಆದರೆ ಆ ಊರಿನ ಮುದುಕಿಯರು ರಾಟಿ ಬಿಟ್ಟಿಲ್ಲ. ಒಕ್ಕಲುತನದ ಮನೆಯ ಗೌರಕ್ಕನ ಕೈಗೆ ಮೊದಲ ನಾಲ್ಕು ದಿನ ನೂಲು ಹರಿದದ್ದೇ ಹರಿದದ್ದು. ಕಸ್ತೂರಿಯ ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಐದನೆಯ ದಿನ ಕೈ ಕೂಡಿತು.

ಮುಂದಿನ ಚಿತ್ರೀಕರಣದಲ್ಲಿ ಚಾಪೆಯ ಮೇಲೆ ಅಕ್ಕೋರ ಪಕ್ಕ ರಾಟಿ ಇತ್ತು. ಬರಿದಾದ ಕಂಡಿಕಿಯನ್ನು ಮಕ್ಕಳಿಗೆ ತೋರಿಸಿದರು. ಪ್ರಶ್ನೆ ಕೇಳಿದರು. ಆಮೇಲೆ ಗೆಣ್ಣು ಎಣಿಸುವ ಬದಲು ರಾಟಿ ತಿರುಗಿಸಿದರು, ಗೆಣ್ಣಿಗೊಂದು ಸುತ್ತು, ಹನ್ನೆರಡು ಸುತ್ತು. ಕಂಡಿಕಿ ತುಸು ದಪ್ಪಗಾಯಿತು. “ಹೌದಾ? ಛಲೋ ಆತು.” ಆರು ಪ್ರಶ್ನೆ ಮುಗಿಯುವಷ್ಟರಲ್ಲಿ ಕಂಡಿಕಿ ತುಂಬಿತು. ಅದನ್ನು ಎತ್ತಿ ತೋರಿಸಿ ಚಾಪೆ ಸುತ್ತಿದರು. ನನಗೆ ಆಗಲೂ ಅವರ ಉಪಾಯ ಹೊಳೆದಿರಲಿಲ್ಲ.

ಮುಧೋಳದಲ್ಲಿ ಕತ್ತರಿಸುವ ಹುಡುಗರಿಗೂ ಹೊಳೆಯಲಿಲ್ಲ. ಅವರು ಕಬ್ಬು ನೋಡಿ ಬೆಳೆದವರು. ಮಾತಿಲ್ಲದ ಜಾಗವನ್ನೆಲ್ಲ ಎಂದಿನಂತೆ ತೆಗೆದು ಕಳಿಸಿದರು. ಅದು ಪ್ರಸಾರವಾದ ಸಂಜೆ ರಬಕವಿ, ಬನಹಟ್ಟಿಯ ನೇಕಾರರ ಮನೆಗಳಲ್ಲಿ ಟೀವಿ ನೋಡುತ್ತಿದ್ದವರಿಗೆ ಕಂಡದ್ದು ಇಷ್ಟು: ಅಕ್ಕೋರ ಕೈಯಲ್ಲಿ ಬರಿಯ ಕಂಡಿಕಿ, ಒಂದು ಪ್ರಶ್ನೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ಮೇಲೆ ನೂಲು. ಇನ್ನೊಂದು ಪ್ರಶ್ನೆ, ಇನ್ನಷ್ಟು ನೂಲು. ರಾಟಿ ಒಂದು ಸಲವೂ ತಿರುಗದೆ ಕಂಡಿಕಿ ತುಂಬಿತ್ತು. ಒಂದು ಕಂಡಿಕಿಗೆ ಎಷ್ಟು ಹೊತ್ತು ಬೇಕು ಎಂಬುದು ಆ ಊರಿನ ತೊಟ್ಟಿಲ ಕೂಸಿಗೂ ಗೊತ್ತು.

ಮರುದಿನ ಮುಂಜಾನೆಯಿಂದ ಆಫೀಸಿನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ರಬಕವಿಯ ಒಬ್ಬ ಮುದುಕ, “ಏನ್ರಿ, ನಿಮ್ಮಲ್ಲೆ ರಾಟಿ ತಿರುಗಿಸದ ಕಂಡಿಕಿ ತುಂಬತಾವಂತಲ್ರಿ. ನಮಗೂ ಒಂದ್ ನಾಕ ಕಳಸ್ರಿ” ಅಂದನಂತೆ. ಒಬ್ಬ ಹೆಂಗಸು, “ನಡುವಿಂದು ಎಲ್ಲಿ ಹೋತು? ನೂಲು ಕದ್ದಂಗ ಹೊತ್ತು ಕದೀತೀರೇನು?” ಎಂದು ಕೇಳಿದಳಂತೆ. ಮಧ್ಯಾಹ್ನದ ಹೊತ್ತಿಗೆ ಮಂದಿಗೆ ಖರೆ ಸಂಗತಿ ತಿಳಿದುಹೋಗಿತ್ತು. ತಿಂಗಳಿಂದ ತಮ್ಮ ಮಕ್ಕಳು ಯಾಕೆ ಅರ್ಧಕ್ಕೇ ಚಾಪೆ ಸುತ್ತುತ್ತಿದ್ದವು ಎಂಬುದು ಮನೆಮನೆಗೂ ಗೊತ್ತಾಯಿತು.

ಸಂಜೆ ಅಕ್ಕೋರು ಆಫೀಸಿಗೆ ಹೊರಟರು. ಜೊತೆಗೆ ಪಲ್ಲವಿಯನ್ನು ಸೊಂಟದ ಮೇಲೆ ಹೊತ್ತ ಕಸ್ತೂರಿ, ಅವಳ ಹಿಂದೆ ನಾನು. ಜಿಟಿಜಿಟಿ ಮಳೆ. ಅಕ್ಕೋರು ರಾಟಿಯನ್ನು ಒದ್ದೆಯಾಗದಂತೆ ಸೆರಗಿನಲ್ಲಿ ಸುತ್ತಿ ತಂದು ಶ್ರೀಶೈಲನ ಮೇಜಿನ ಮೇಲೆ ಇಟ್ಟರು.

“ಸುತ್ತಪ್ಪ ಒಂದ್” ಅಂದರು.

ಅವನು ನಗುತ್ತಲೇ ಕೂತ. ಎರಡು ಸುತ್ತಿಗೆ ನೂಲು ಹರಿಯಿತು. ಮತ್ತೆ ಗಂಟು ಹಾಕಿದ, ಮತ್ತೆ ಹರಿಯಿತು. ಮೂರನೆಯ ಸಲ ಹರಿದಾಗ ನಗು ನಿಂತಿತ್ತು.

“ಅವಸರ ಮಾಡಿದ್ರ ಹರಿತೈತ್ರಿ ಅದು” ಅಂದಳು ಕಸ್ತೂರಿ.

“ಆತು ಬಿಡ್ರಿ ಅಕ್ಕಾ” ಅಂದ ಶ್ರೀಶೈಲ. “ಆದ್ರ ಆ ಹೊತ್ತಿನ್ಯಾಗ ಟೀವ್ಯಾಗ ಏನ್ ನಡಿತೈತಿ? ಅದನ್ನರ ಹೇಳ್ರಿ.”

“ಟೀವ್ಯಾಗ ಏನೂ ನಡ್ಯೂದಿಲ್ರಿ. ನಮ್ಮ ಮನ್ಯಾಗ ನಡಿತೈತಿ. ಆವಾಗ ನನ್ನ ಮಗಳು ಮಾತಾಡ್ತಾಳ.” ಅವಳು ತಲೆ ತಗ್ಗಿಸಲಿಲ್ಲ. “ಅಷ್ಟೊತ್ತು ಬಿಟ್ರ ಆಕಿಗೆ ಮಾತಾಡಾಕ ಜಗತ್ತಿನ್ಯಾಗ ಯಾರೂ ಜಾಗ ಬಿಡೂದಿಲ್ರಿ.”

ಶ್ರೀಶೈಲ ಮಗುವನ್ನು ನೋಡಿದ. ಆಮೇಲೆ, ತನ್ನನ್ನು ಉಳಿಸಿಕೊಳ್ಳುವವನ ಹಾಗೆ, ನನ್ನತ್ತ ಕೈ ತೋರಿಸಿದ. “ನಾ ಕೇಳದ ಮಾಡಿಲ್ರಿ ಅಕ್ಕೋರ. ಶೈಲಾ ಮೇಡಮ್ಮರನ್ನ ಕೇಳೇನಿ. ಏನೂ ಆಗೂದಿಲ್ಲ ಅಂದ್ರು.”

ಗೌರಕ್ಕ ನನ್ನ ಕಡೆ ತಿರುಗಿದರು. ಬೈಯಲಿಲ್ಲ. ತೆರೆಯ ಮೇಲೆ ಮಕ್ಕಳನ್ನು ನೋಡುವ ಅದೇ ಮುಖ ಮಾಡಿಕೊಂಡು ನಿಂತರು. ಸೆರಗಿನ ಮರೆಯಲ್ಲಿ ಹೆಬ್ಬೆರಳು ಸರಿಯುತ್ತಿರುವುದು ನನಗೆ ಕಾಣಿಸುತ್ತಿತ್ತು. ಒಂಬತ್ತು ವರ್ಷ ಮೇಜಿನಡಿ ಕೂತು ಉದ್ದವಾಯಿತೆಂದು ನಾನು ಗೊಣಗಿದ್ದ ಆ ಹೊತ್ತು, ಅದರ ಎದುರು ನಿಂತವರಿಗೆ ಏನು ಎಂಬುದು ಅವತ್ತು ತಿಳಿಯಿತು. ಮೊದಲ ನಾಲ್ಕು ಗೆಣ್ಣಿಗೆ ಸುಳ್ಳು ಹುಡುಕಿದೆ. ಆಮೇಲಿನ ನಾಲ್ಕಕ್ಕೆ ಅಳು ಬಂತು. ಕೊನೆಗೆ ಖರೆ ಬಂತು.

“ಹೌದ್ರಿ ಅಕ್ಕೋರ. ನಾನ ಅಂದೆ. ಕೈ ನೋಯ್ತಿತ್ತು. ನಿಮ್ಮ ಮುಂದ ಸುಳ್ಳು ಹೇಳಿದೆ.”

“ಹೌದಾ?” ಅಂದರು ಗೌರಕ್ಕ. “ಛಲೋ ಆತು. ನಾಳಿಂದ ಕೈ ಕೆಳಗ ಒಂದ್ ದಿಂಬು ಇಟ್ಕೋ.”

ಕಸ್ತೂರಿ ಮಾತ್ರ ನನ್ನ ಜೊತೆ ಹದಿನೈದು ದಿನ ಮಾತು ಬಿಟ್ಟಳು. ಬಿಡಬೇಕಾದ್ದೇ.

ಶ್ರೀಶೈಲ ದೀಪಾವಳಿಯ ತನಕ ಒಂದು ತುಣುಕೂ ಕತ್ತರಿಸದೆ ಹಾಕುತ್ತೇನೆ, ಆಮೇಲೆ ನೋಡೋಣ ಎಂದು ಒಪ್ಪಿದ. ಮೊದಲ ದಿನ ನಾನು ಆಟೋ ಬಿಟ್ಟು ಕಸ್ತೂರಿಯ ಮನೆಯ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ. ತೆರೆಯ ಮೇಲೆ ಅದೇ ಪ್ರಶ್ನೆ, ಯಾರ ಕೈ ಹಿಡಿದು ನಡೆಯಲು ಚೆಂದ. ಮಗ್ಗ ನಿಂತಿದ್ದವು. ರಾಟಿ ತಿರುಗುವ ಸದ್ದು ಮಾತ್ರ. ಒಂಬತ್ತನೆಯ ಸುತ್ತಿಗೆ ಒಳಗಿನಿಂದ ಸಣ್ಣ, ಒರಟು ದನಿ ಬಂತು: “ಅಜ್ಜೀದು.” ಆಮೇಲೆ ಅಕ್ಕೋರು, ಹೌದಾ, ಛಲೋ ಆತು ಅಂದರು. ಹೊರಗೆ ಮಳೆಯಲ್ಲಿ ನಿಂತು ಗೊಳೋ ಎಂದು ಅತ್ತೆ. ಓಣಿಯ ಹೆಂಗಸರು ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ತಿಳಿದು ವಿಚಾರಿಸಿದರು.

ದೀಪಾವಳಿ ಕಳೆದು ಕಾರ್ಯಕ್ರಮ ನಿಂತಿತು. ಕೇಬಲ್ ನೋಡುವವರೇ ಕಡಿಮೆಯಾಗುತ್ತಿದ್ದರು. ಕೊನೆಯ ದಿನವೂ ಅಕ್ಕೋರು ಹನ್ನೆರಡು ಸುತ್ತಿಗೆ ಒಂದು ಸುತ್ತು ಕಡಿಮೆ ಮಾಡಲಿಲ್ಲ. ಮೇಲಿನ ಕೋಣೆಯ ಕೌದಿಗಳನ್ನು ಮಡಚುತ್ತಿದ್ದಾಗ ಯಾರೋ, “ಕಡೀಕ ಅವ್ರೇ ಗೆದ್ದಂಗ ಆತಲ್ರಿ” ಅಂದರು. ಗೌರಕ್ಕ ನಿಧಾನಪ್ಪನನ್ನು ಕಂಕುಳಲ್ಲಿ ಇಟ್ಟುಕೊಂಡು, “ಯಾವಾಗ? ನಾ ನೋಡಲೇ ಇಲ್ಲ” ಅಂದರು. ಈಗ ಅನಗವಾಡಿಯಲ್ಲಿ ತಮ್ಮನ ಮಗಳ ಮನೆಯಲ್ಲಿದ್ದಾರೆ. ಫೋನು ಮಾಡಿದರೆ ಈಗಲೂ ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ಫೋನು ಕೆಟ್ಟಿದೆ ಎಂದು ಬಹಳ ಮಂದಿ ಇಟ್ಟುಬಿಡುತ್ತಾರಂತೆ. ಕೆಟ್ಟಿದೆ ಅಂದುಕೊಳ್ಳುವವರು ಅಂದುಕೊಳ್ಳಲಿ. ನಾವು ಮಾಡಿದ್ದು ಹಳೆಯ ಕಾಲದ ಸಾವಕಾಶ, ಈಗ ನಡೆಯುವುದಿಲ್ಲ ಎಂದು ಹೇಳುವವರಿಗೆ ನನ್ನ ಉತ್ತರ ಒಂದೇ. ನಡೆಯುವುದಿಲ್ಲ ಎಂದು ಯಾವ ಮಗುವೂ ನಮಗೆ ಹೇಳಲಿಲ್ಲ.

ಹೋದ ವಾರ ಸೀರೆ ಕಟ್ಟಿಸಿಕೊಂಡು ಕಸ್ತೂರಿಯ ಮನೆಗೆ ಹೋದೆ. ಅವಳು ಮಗ್ಗದ ಮೇಲಿದ್ದಳು, ಕೈಸನ್ನೆಯಲ್ಲೇ ಒಳಗೆ ಹೋಗು ಅಂದಳು. ಒಳಗಿನ ಕೋಣೆಯಲ್ಲಿ ಪಲ್ಲವಿ. ಹದಿಮೂರು ತುಂಬುತ್ತ ಬಂದಿದೆ, ಎರಡು ಜಡೆ, ಸಾಲಿಯ ಬಟ್ಟೆ ಇನ್ನೂ ಬಿಚ್ಚಿಲ್ಲ. ನೆಲದ ಮೇಲೆ ಚಾಪೆ ಹಾಸಿ, ನಾಲ್ಕು ವರ್ಷದ ತಂಗಿಯನ್ನು ಎದುರಿಗೆ ಕೂಡಿಸಿಕೊಂಡಿದ್ದಳು. ಇಬ್ಬರ ನಡುವೆ ಮೊಬೈಲು. ಅದರಲ್ಲಿ ಯಾವುದೋ ಬಣ್ಣಬಣ್ಣದ ಗೊಂಬೆ ಚುರುಚುರು ಮಾತಾಡುತ್ತ, “ಹೇಳಿ ಮಕ್ಕಳೇ, ಇದು ಯಾವ ಹಣ್ಣು?” ಎಂದು ಕೇಳಿತು. ಉತ್ತರವನ್ನೂ ಅದೇ ಹೇಳುವುದರಲ್ಲಿತ್ತು. ಪಲ್ಲವಿ ಹೆಬ್ಬೆರಳನ್ನು ತೆರೆಯ ಮೇಲೆ ಒತ್ತಿದಳು. ಗೊಂಬೆ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತು.

ಸಣ್ಣವಳು ಹಣ್ಣನ್ನೇ ನೋಡಿದಳು. ಬಾಯಿ ತೆರೆಯಲಿಲ್ಲ. ಪಲ್ಲವಿಯ ಇನ್ನೊಂದು ಕೈಯ ಹೆಬ್ಬೆರಳು ಮಡಿಲಲ್ಲಿ ಒಂದು ಗೆಣ್ಣಿನಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಹೊರಗೆ ಮಗ್ಗ ಬಡಿಯುತ್ತಿತ್ತು. ನನ್ನ ಬಾಯಿ ತುರಿಸಿತು. ಪೇರಲ, ಪಾಪ, ಪೇರಲಹಣ್ಣು ಅಂದುಬಿಡೋಣ, ಮಗು ಎಷ್ಟು ಹೊತ್ತು ಹೀಗೆ ಕೂತೀತು ಅನ್ನಿಸಿ, ಒಂದು ಹೆಜ್ಜೆ ಮುಂದಿಟ್ಟೆ.

ಪಲ್ಲವಿ ತಲೆ ಎತ್ತಿ ನನ್ನನ್ನು ನೋಡಿದಳು. ಅವಳಿಗೆ ನನ್ನ ಗುರುತು ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

“ನೀವ್ ಹೇಳಬ್ಯಾಡ್ರಿ” ಅಂದಳು. “ಆಕಿ ಹೇಳ್ತಾಳ.”

ಸೀರೆಯ ಗಂಟನ್ನು ಕೆಳಗಿಟ್ಟು ಚಾಪೆಯ ಅಂಚಿನಲ್ಲಿ ಕೂತೆ. ಹೆಬ್ಬೆರಳನ್ನು ಕಿರುಬೆರಳಿನ ಕೆಳಗಿನ ಗೆಣ್ಣಿಗೆ ಹಚ್ಚಿದೆ. ಹನ್ನೆರಡೂ ಮುಗಿದವು. ಮಗು ಇನ್ನೂ ಯೋಚನೆ ಮಾಡುತ್ತಿತ್ತು. ನಾನು ಮತ್ತೆ ಮೊದಲಿನಿಂದ ಎಣಿಸತೊಡಗಿದೆ.